ಮೂರು ಗಂಟೆಯ ಡಾಕ್ಟರಮ್ಮ

ಅಕ್ಕುವಿನ ಎಡಗೈ ಉಂಗುರಬೆರಳು ಸೊಟ್ಟಗಿತ್ತು. ಮುಂಗೈ ಮೇಲೆ ದೋಸೆಕಲ್ಲಿನ ಅಂಚು ಕೂತ ಕಪ್ಪು ಗೆರೆ. ಬಲಗಡೆ ಒಂದು ದವಡೆಹಲ್ಲು ಇರ್ಲಿಲ್ಲ. ಯಾರು ಕೇಳಿದರೂ ಒಂದೇ ಉತ್ತರ, ಹೋಟೆಲ್ ಕೆಲಸ. ಬೆರಳು ಗ್ರೈಂಡರಿಗೆ ಸಿಕ್ಕಿತಂತೆ, ಕೈ ಕಲ್ಲಿಗೆ ತಾಗಿತಂತೆ, ಹಲ್ಲು ಜಾರಿಬಿದ್ದು ಹೋಯಿತಂತೆ. ನಂಬದೆ ಇರ್ಲಿಕ್ಕೆ ಯಾರಿಗೂ ಕಾರಣ ಇರ್ಲಿಲ್ಲ, ಯಾಕಂದ್ರೆ ನಮ್ಮ ಹೋಟೆಲಿನಲ್ಲಿ ಮೈ ನೆಟ್ಟಗಿದ್ದವರು ಒಬ್ಬರಾದರೂ ಬೇಕಲ್ಲ? ವಡೆ ಬೇಯಿಸುವ ಕಿಟ್ಟುವಿನ ಮೊಣಕೈವರೆಗೆ ಎಣ್ಣೆ ಹಾರಿ ಹಾರಿ ಚರ್ಮ ಹಾವಿನ ಪೊರೆಯ ಹಾಗೆ ಎದ್ದಿತ್ತು. ತರಕಾರಿ ಹೆಚ್ಚುವ ನನ್ನ ಹೆಬ್ಬೆರಳಿನ ತುದಿಯನ್ನು ಮೆಟ್ಟುಕತ್ತಿ ತಿಂದು ಹನ್ನೆರಡು ವರ್ಷ ಆಗಿತ್ತು. ಅಡಿಗೆಮನೆಯಲ್ಲಿ ರಕ್ತ ಬಂದರೆ ಅದೇನು ದೊಡ್ಡ ಸುದ್ದಿ ಅಲ್ಲ. ಒಂದು ಚಿಟಿಕೆ ಕಾಫಿಪುಡಿ ಒತ್ತಿದರೆ ಆಯ್ತು, ಮುಂದಿನ ಆರ್ಡರ್ ನೋಡು.

ಚೆನ್ನೈಯ ಪುರಸೈವಾಕ್ಕಂನ ದೊಡ್ಡ ಜವಳಿ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ವಿಷ್ಣುಮೂರ್ತಿ ರಾಯರ ಹೋಟೆಲು. ಸೀರೆ ಆರಿಸಿ ಆರಿಸಿ ಸುಸ್ತಾದವರೆಲ್ಲ ಬಂದು ಬೀಳುವುದು ಅಲ್ಲಿಗೇ. ನಮ್ಮವರು, ಸದಾನಂದರು, ಗಲ್ಲಾದಲ್ಲಿ ಕೂರ್ತಿದ್ದರು. ಮೇಲೆ ತಾರಸಿಯಲ್ಲಿ ಎರಡು ಕೋಣೆ, ಒಂದು ನಮ್ಮದು, ಇನ್ನೊಂದು ದೋಸೆ ಮಾಸ್ಟರ್ ತಿರುಮಲನದ್ದು. ನಡುವೆ ಒಂದೇ ಇಟ್ಟಿಗೆಯ ಗೋಡೆ. ಅಕ್ಕು ಅವನ ಹೆಂಡತಿ. ಬ್ರಹ್ಮಾವರದ ಕಡೆಯವಳು, ತೊಂಬತ್ತೇಳರಲ್ಲಿ ಮದುವೆಯಾಗಿ ಬಂದಾಗ ಇಪ್ಪತ್ತೂ ತುಂಬಿರ್ಲಿಲ್ಲ. ಚಟ್ನಿ, ಮಸಾಲೆ ರುಬ್ಬುವುದು ಅವಳ ಪಾಲಿಗೆ ಬಂತು. ಬಂದ ಹೊಸದರಲ್ಲಿ ಬಾಯಿ ಬಿಟ್ಟು ನಗ್ತಿದ್ದಳು, ಹಲ್ಲು ಹೋದ ಮೇಲೆ ಸೆರಗು ಅಡ್ಡ ಹಿಡಿದು ನಗುವುದು ಕಲಿತಳು. ಅದನ್ನು ನೋಡಿದ್ರೆ ನನಗೆ ಮೈ ಉರೀತಿತ್ತು. ಉರಿದು ನಾನೇನು ಮಾಡಿದೆ, ಅದನ್ನೂ ಹೇಳ್ತೇನೆ, ಸ್ವಲ್ಪ ತಡೀರಿ.

ಮಧ್ಯಾಹ್ನ ಎರಡೂವರೆಗೆ ಊಟ ಮುಗಿದರೆ ನಾಲ್ಕಕ್ಕೆ ಟಿಫನ್ ಶುರು. ನಡುವಿನ ಒಂದೂವರೆ ಗಂಟೆ ನಮ್ಮದು. ತೊಂಬತ್ತೊಂಬತ್ತರಲ್ಲಿ ನಮ್ಮವರು ಒಂದು ಟಿವಿ ತಂದರು, ಆ ವರ್ಷವೇ ಆ ಸೀರಿಯಲ್ಲೂ ಸುರುವಾಯ್ತು. ತಮಿಳಿನದ್ದು. ಹೆಸರು ಉದ್ದ ಇತ್ತು, ನಮಗೆ ಅದು ಡಾಕ್ಟರಮ್ಮ ಸೀರಿಯಲ್. ವಾರಕ್ಕೆ ಐದು ದಿನ, ಮೂರು ಗಂಟೆಗೆ. ಎರಡು ಐವತ್ತೈದಕ್ಕೆ ಅಕ್ಕು ಕೈಯ ಮಸಾಲೆ ತೊಳೆದು ನನ್ನ ಕೋಣೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಯ್ತು ಅಂತಲೇ ಲೆಕ್ಕ.

ಅಂಥದ್ದೇನಿತ್ತು ಅದರಲ್ಲಿ ಅಂತ ಕೇಳ್ತೀರಿ. ಬೇರೆ ಸೀರಿಯಲ್ಲಿನಲ್ಲಿ ಅತ್ತೆ ಹಾಲಿಗೆ ವಿಷ ಹಾಕಿದರೆ ಸೊಸೆ ಕುಡಿಯುವಾಗ ಮೂರು ತಿಂಗಳು. ಇದರಲ್ಲಿ ಹಾಗಲ್ಲ ಮಾರಾಯ್ರೇ! ಮೂರು ಗಂಟೆ ಐದು ನಿಮಿಷಕ್ಕೆ ಧಡಾರ್ ಅಂತ ಬಾಗಿಲು ತೆಗೀತದೆ, ತಳ್ಳುಗಾಡಿ ಮೇಲೆ ಒಬ್ಬ ರಕ್ತದಲ್ಲಿ ಮಿಂದು ಬರ್ತಾನೆ, ಮೂರೂವರೆಯೊಳಗೆ ಬದುಕಿದನೋ ಸತ್ತನೋ ಗೊತ್ತಾಗ್ತದೆ. ಹಾರ್ಬರಿನಲ್ಲಿ ಕಬ್ಬಿಣದ ಹಲಗೆ ಬಿದ್ದು ಕಾಲು ತುಂಡಾದವ, ಕುತ್ತಿಗೆಗೆ ಗಾಳಿಪಟದ ಮಾಂಜಾ ದಾರ ಸಿಕ್ಕಿ ಗಂಟಲು ಕೊಯ್ದುಕೊಂಡವ, ಕುಡಿದ ತಮ್ಮ ಕುಡುಗೋಲಿನಲ್ಲಿ ಕೊಚ್ಚಿದ ಅಣ್ಣ, ಎಲ್ಲ ಬಂದರು. ನಡುವೆ ನಿಂತವಳು ಡಾಕ್ಟರ್ ತಿಲಕವತಿ. ಅಳುವವಳಲ್ಲ, ಕಿರುಚುವವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ತೊಳೆದು, ಗಾಯದ ಮೇಲೆ ಬಗ್ಗಿದರೆ ಇಡೀ ಚೆನ್ನೈ ಬಿದ್ದುಹೋದ್ರೂ ತಲೆ ಎತ್ತುವವಳಲ್ಲ.

ನನಗೋ ತಪ್ಪು ಹುಡುಕುವ ಚಾಳಿ. "ಅಲ್ವೇ ಅಕ್ಕು, ಆ ಗ್ಲೂಕೋಸ್ ಬಾಟ್ಲಿಯಿಂದ ಒಂದು ಹನಿಯಾದ್ರೂ ಬೀಳ್ತಾ ಉಂಟಾ ನೋಡು" ಅಂತಿದ್ದೆ. "ರಕ್ತವಂತೆ ರಕ್ತ! ನಮ್ಮ ಬೀಟ್‌ರೂಟ್ ಪಲ್ಯದ ನೀರು. ಅಗೋ, ಸತ್ತವನ ಹೊಟ್ಟೆ ಏರಿಳಿಯುವುದು ಕಾಣು."

"ನಿಮಗೆ ಎಂತ ಗೊತ್ತು ಚಂದ್ರಕ್ಕ, ಸುಮ್ನಿರಿ" ಅಂತ ಅವಳು ಸಿಡಿಯುವಳು. ಉಳಿದಂತೆ ಮೆತ್ತಗಿನ ಹುಡುಗಿ, ತಿಲಕವತಿ ವಿಷಯಕ್ಕೆ ಬಂದರೆ ಮಾತ್ರ ಕಣ್ಣು ಕೆಂಪು ಮಾಡ್ತಿದ್ದಳು. ಒಂದು ಸಲ ಜಗಳ ಎಷ್ಟು ಏರಿತು ಅಂದ್ರೆ ನಾವು ಎರಡು ದಿನ ಮಾತು ಬಿಟ್ಟಿದ್ದೆವು. ಮೂರನೇ ದಿನ ಮೂರು ಗಂಟೆಗೆ ಏನೂ ಆಗದವಳ ಹಾಗೆ ಬಂದು ಕೂತಳು. ನಾನೂ ಏನೂ ಆಗದವಳ ಹಾಗೆ ಟಿವಿ ಹಾಕಿದೆ.

ಟಿವಿ ನೋಡಿ ನೋಡಿ ಅವಳ ತಮಿಳು ಸರಾಗವಾಯ್ತು, ಅಷ್ಟೇ ಅಲ್ಲ, ಹೋಟೆಲಿನ ಅರ್ಧ ಡಾಕ್ಟರಾದಳು. ಒಂದು ದಿನ ಕಿಟ್ಟುವಿನ ಕೈ ಮೇಲೆ ಸೌಟು ಎಣ್ಣೆ ಚೆಲ್ಲಿತು. ಅವನು ಅರಚುತ್ತ ದೋಸೆ ಹಿಟ್ಟಿನ ಪಾತ್ರೆಗೇ ಕೈ ಅದ್ದಲಿಕ್ಕೆ ಓಡಿದ. ನಮ್ಮಲ್ಲಿ ಸುಟ್ಟರೆ ಹಿಟ್ಟು, ಕೊಯ್ದರೆ ಕಾಫಿಪುಡಿ, ನನ್ನ ಅಜ್ಜಿಯ ಕಾಲದಿಂದ ಅಷ್ಟೇ. ಅಕ್ಕು ಅವನ ರಟ್ಟೆ ಹಿಡಿದು ಎಳೆದು, ನಲ್ಲಿಯ ಕೆಳಗೆ ಒತ್ತಿ, ಹತ್ತು ನಿಮಿಷ ಬಿಡ್ಲಿಲ್ಲ. ಅವನು ಅವಳಿಗಿಂತ ಎರಡು ಪಟ್ಟು ಇದ್ದ, ಬೈದ, ಒದ್ದಾಡಿದ, ಬಿಡ್ಲೇ ಇಲ್ಲ. ಕೈಯಲ್ಲಿ ಗುಳ್ಳೆ ಏಳ್ಲಿಲ್ಲ. ಅಂದಿನಿಂದ ಅಡಿಗೆಮನೆಯಲ್ಲಿ ಯಾರಿಗೆ ಗಾಯವಾದರೂ ಅವಳನ್ನು ಕೂಗ್ತಿದ್ದರು, ಯಾರಾದ್ರೂ ಕಾಫಿಪುಡಿ ಡಬ್ಬಿಗೆ ಕೈ ಹಾಕಿದ್ರೆ ಅವಳು ಕೈ ಮೇಲೆ ಫಟ್ ಅಂತ ಬಾರಿಸ್ತಿದ್ದಳು. "ಏನು ಡಾಕ್ಟರಮ್ಮ, ಸಾಂಬಾರಿಗೆ ಇಂಜೆಕ್ಷನ್ ಆಯ್ತಾ?" ಅಂತ ವಿಷ್ಣುಮೂರ್ತಿ ರಾಯರು ತಮಾಷೆ ಮಾಡಿದರೆ ಎಲ್ಲರೂ ನಗ್ತಿದ್ದರು. ತಿರುಮಲ ನಗ್ತಿರ್ಲಿಲ್ಲ.

ತಿರುಮಲನ ಬಗ್ಗೆ ಸುಳ್ಳು ಹೇಳಬಾರದು. ಕುಡುಕ ಅಲ್ಲ, ಬೀಡಿ ಸೇದುವವನೂ ಅಲ್ಲ. ಅವನು ದೋಸೆ ಎರೆಯುವುದನ್ನು ನೋಡ್ಲಿಕ್ಕೇ ಜನ ನಿಲ್ತಿದ್ದರು. ಒಂದೇ ಕಲ್ಲಿನ ಮೇಲೆ ಎಂಟು ದೋಸೆ, ಎಂಟೂ ಒಂದೇ ಅಳತೆ. ಎಲ್ಲರ ಹತ್ತಿರ ಅಣ್ಣ, ಅಕ್ಕ ಅಂತಲೇ ಮಾತು. ಆ ಕೈಯೇ ಮೇಲೆ ಬಂದ ಮೇಲೆ ಬೇರೆ ಆಗ್ತಿತ್ತು. ಟಿವಿ ಬಂದ ವರ್ಷವೇ ಇದೂ ಸುರುವಾದದ್ದು, ಗೋಡೆಯ ಈಚೆ ನನಗೆ ಎಲ್ಲ ಕೇಳ್ತಿತ್ತು. ಮೊದಲು ಅವನ ಸಣ್ಣ ಸ್ವರ, ಆಮೇಲೆ ಏಟು, ಆಮೇಲೆ ಅವಳು ಬಾಯಿಗೆ ಸೆರಗು ತುರುಕಿಕೊಂಡ ಸದ್ದು. ಬೆರಳು ಮುರಿದ ದಿನ ನನಗೆ ಕೇಳಿದ್ದು ಒಣಕಡ್ಡಿ ಮುರಿದ ಹಾಗೆ ಟಕ್ ಅಂತ ಒಂದೇ ಶಬ್ದ. ಮರುದಿನ ಗಲ್ಲಿಯ ಕ್ಲಿನಿಕ್ಕಿನ ಮುದಿ ಡಾಕ್ಟರಿಗೆ "ಗ್ರೈಂಡರ್ ಸಾರ್" ಅಂದ ತಿರುಮಲ. ಹೋಟೆಲಿನವರು ಅಂದ್ರೆ ಅವರು ತಲೆ ಎತ್ತಿಯೂ ನೋಡುವುದಿಲ್ಲ. ಪಟ್ಟಿ ಕಟ್ಟಿದರು, ಮಾತ್ರೆ ಬರೆದರು, ಮುಗೀತು.

ನಮ್ಮವರ ಹತ್ತಿರ ಒಂದು ಸಲ ಹೇಳಿದೆ. "ಗಂಡ ಹೆಂಡ್ತಿ ವಿಷಯ, ನಿನಗೆ ಯಾಕೆ ಉಸಾಬರಿ? ಪೋಲೀಸು ಅಂತ ಆದ್ರೆ ಹೋಟೆಲಿನ ಹೆಸರು ಹೋಗ್ತದೆ, ರಾಯರು ನಮ್ಮನ್ನು ಇಟ್ಕೊಳ್ತಾರಾ?" ಅಂದರು. ಊರಿಡೀ ಹೆದರುವ ಬಾಯಿ ನನ್ನದು, ಸೊಪ್ಪಿನವನ ಹತ್ತಿರ ಒಂದು ಕಟ್ಟಿಗೆ ಕಾಲು ಗಂಟೆ ಜಗಳ ಆಡುವವಳು, ಆ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು!

ಸೀರಿಯಲ್ಲಿನಲ್ಲಿ ಅಪರೂಪಕ್ಕೆ ಒಂದು ಥರದ ಕತೆ ಬರ್ತಿತ್ತು. ಹೆಂಗಸಿಗೆ ಗಾಯ, ಜೊತೆಗೆ ಬಂದ ಗಂಡನೇ ಎಲ್ಲದಕ್ಕೂ ಉತ್ತರ ಕೊಡ್ತಾನೆ. ಬಿದ್ದಳು, ಸುಟ್ಟುಕೊಂಡಳು, ಅವಳಿಗೆ ಅವಸರ ಜಾಸ್ತಿ. ತಿಲಕವತಿ ಗಾಯವನ್ನು ನೋಡ್ತಾಳೆ, ಆಮೇಲೆ ಉತ್ತರ ಕೊಡುವವನನ್ನು ನೋಡ್ತಾಳೆ. "ನೀಂಗ ಕೊಂಜಂ ವೆಳಿಯ ಇರುಂಗ" ಅಂತ ಅವನನ್ನು ಹೊರಗೆ ಕಳಿಸಿ, ಪರದೆ ಎಳೆದು, ಕುರ್ಚಿ ಹತ್ತಿರ ಹಾಕಿಕೊಂಡು ಕೇಳ್ತಾಳೆ, "ಇಪ್ಪ ಸೊಲ್ಲುಮ್ಮಾ, ಯಾರು ಅಡಿಚ್ಚಾಂಗ?" ಯಾರು ಹೊಡೆದದ್ದು, ಈಗ ಹೇಳಮ್ಮ. ಅಂಥ ದಿನ ಅಕ್ಕು ರೆಪ್ಪೆ ಹೊಡೀತಿರ್ಲಿಲ್ಲ, ಜಾಹೀರಾತು ಬಂದರೂ ಅಲುಗುತ್ತಿರ್ಲಿಲ್ಲ. ಒಮ್ಮೆ, ಎರಡು ಸಾವಿರದ ಒಂದನೇ ಇಸವಿ ಇರಬೇಕು, ಅಂಥ ಕತೆ ಮುಗಿದ ಮೇಲೆ ಕೇಳಿದಳು, "ಚಂದ್ರಕ್ಕ, ನಿಜವಾದ ಡಾಕ್ಟ್ರುಗಳೂ ಹೀಗೆ ಕೇಳ್ತಾರಾ?"

"ಅವರಿಗೆ ಅಷ್ಟು ಪುರುಸೊತ್ತು ಎಲ್ಲಿ ಮಾರಾಯ್ತಿ" ಅಂದೆ.

"ದೊಡ್ಡ ಆಸ್ಪತ್ರೆಯಲ್ಲಿ ಕೇಳ್ತಾರೆ" ಅಂದಳು. "ಕ್ಲಿನಿಕ್ಕಿನಲ್ಲಿ ಕೇಳುವುದಿಲ್ಲ. ದೊಡ್ಡದರಲ್ಲಿ ಕೇಳ್ಲಿಕ್ಕೇ ಬೇಕು." ಆಗ ನನಗೆ ಗೊತ್ತಾಯ್ತು. ಇವಳು ನೋಡುವುದು ಕತೆಯನ್ನಲ್ಲ, ತನ್ನ ಸರದಿಗೆ ಕಾಯ್ತಾ ಇದ್ದಾಳೆ. ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟು ದೊಡ್ಡ ಏಟಿಗೆ. ನಾನು ಎದ್ದು ಬೀನ್ಸ್ ಹೆಚ್ಚಲಿಕ್ಕೆ ಹೋದೆ.

ಎರಡು ಸಾವಿರದ ಎರಡು, ತಮಿಳರ ಆಡಿ ತಿಂಗಳು, ನಮ್ಮ ಆಷಾಢದ ಹಾಗೆ. ಬಟ್ಟೆ ಅಂಗಡಿಗಳಲ್ಲಿ ರಿಯಾಯಿತಿ ಅಂದ್ರೆ ಪುರಸೈವಾಕ್ಕಂನಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ. ಆ ಬುಧವಾರ ಹೋಟೆಲಿನಲ್ಲಿ ಜನ ಮೇಜಿನ ಹಿಂದೆ ನಿಂತು ಉಣ್ಣುವವರ ಎಲೆ ಕಾಯ್ತಿದ್ದರು. ಯಾರೋ ಗಿರಾಕಿ ದೋಸೆ ಸೀದಿದೆ ಅಂತ ವಾಪಸು ಕಳಿಸಿದ. ರಾಯರು ಎಲ್ಲರೆದುರೇ, "ಕಣ್ಣು ಎಲ್ಲಿಟ್ಟಿದ್ದೀಯ ತಿರುಮಲ? ದೋಸೆ ಎರೆಯುವುದು ಮರೆತು ಹೋಯ್ತಾ?" ಅಂತ ಗದರಿದರು. ತಿರುಮಲ ಕಾದ ಕಲ್ಲಿಗೆ ನೀರು ಹೊಡೆದ ಅಷ್ಟೇ. ಅವನ ದವಡೆ ಅಲುಗುವುದು ನನಗೆ ಕಂಡಿತು, ಅಕ್ಕುವಿಗೂ ಕಂಡಿತು. ಆದರೂ ಅವಳು ಮೂರು ಗಂಟೆಗೆ ಬಂದು ಕೂತಳು.

ಆ ದಿನ ಟಿವಿಯಲ್ಲಿ ಬಸ್ಸು ಮಗುಚಿತ್ತು, ತಿಲಕವತಿ ಒಬ್ಬಳೇ, ಮೂವತ್ತು ಜನ ಗಾಯಾಳುಗಳು. ಬಾಗಿಲ ಹೊರಗಿನಿಂದ ತಿರುಮಲ ಕರೆದ, "ಅಕ್ಕೂ, ಬಾ ಇಲ್ಲಿ."

"ಹತ್ತು ನಿಮಿಷ" ಅಂದಳು ಅಕ್ಕು, ಟಿವಿಯಿಂದ ಕಣ್ಣು ತೆಗೆಯದೆ. ಐದು ವರ್ಷದಲ್ಲಿ ಅವಳು ಅವನಿಗೆ ಹಾಗೆ ಅಂದದ್ದು ಅದೇ ಮೊದಲು.

ಅವನು ಒಳಗೆ ಬಂದ, ನನಗೆ ಕೈಮುಗಿದು "ಕ್ಷಮಿಸಿ ಚಂದ್ರಕ್ಕ" ಅಂದ, ಅವಳ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿ ಎಬ್ಬಿಸಿಕೊಂಡು ಹೋದ. ಅವಳ ಹಿಮ್ಮಡಿ ಹೊಸ್ತಿಲಿಗೆ ಬಡಿಯಿತು. ಆಚೆ ಕೋಣೆಯ ಬಾಗಿಲು ಹಾಕಿದ ಸದ್ದಾಯ್ತು. ಆಮೇಲೆ ಗೋಡೆ ಮಾತಾಡ್ಲಿಕ್ಕೆ ಸುರುಮಾಡಿತು. ಒಂದು, ಎರಡು, ಮೂರು. ಗೋಡೆಗೆ ಅವಳ ಮೈ ತಾಗಿದ ಸಲ ನನ್ನ ಕ್ಯಾಲೆಂಡರ್ ಅಲ್ಲಾಡಿತು. ನಾಲ್ಕನೆಯದಕ್ಕೆ ಅವಳು ಕೂಗಿದಳು, ಸೆರಗು ತುರುಕಿಕೊಳ್ಳದ ಕೂಗು ಅದು, ಗಂಟಲು ಹರಿದು ಬಂದದ್ದು. "ಚಂದ್ರಕ್ಕಾ!"

ನಾನು ರಿಮೋಟ್ ತಗೊಂಡೆ. ಸೌಂಡ್ ಜಾಸ್ತಿ ಮಾಡಿದೆ. ಪರದೆಯ ಕೆಳಗೆ ಹಸಿರು ಗೀಟುಗಳು ಒಂದೊಂದೇ ಏರಿದವು, ಕೊನೆಗೆ ಮುಟ್ಟುವವರೆಗೂ ನಾನು ಬೆರಳು ತೆಗೀಲಿಲ್ಲ. ಆಂಬುಲೆನ್ಸಿನ ಸೈರನ್ ಕೋಣೆ ತುಂಬಿತು. ನನ್ನ ಕಣ್ಣು ಟಿವಿಯ ಮೇಲೇ ಇತ್ತು. ಇದನ್ನು ನಾನು ಇವತ್ತಿಗೂ ಯಾವ ದೇವರ ಮುಂದೆಯೂ ಹೇಳಿಕೊಂಡಿಲ್ಲ.

ಜಾಹೀರಾತು ಬಂದಾಗ ಬಾಗಿಲಲ್ಲಿ ತಿರುಮಲ ನಿಂತಿದ್ದ. ಬನಿಯನ್ನಿನ ಮೇಲೆ ರಕ್ತದ ಚುಕ್ಕಿ, ಕೈಯಲ್ಲಿ ಹಿತ್ತಾಳೆ ಚೊಂಬು. ಅದರ ಅಂಚಿಗೆ ಕೂದಲು ಅಂಟಿತ್ತು. "ಅವಳು ಬಿದ್ದುಬಿಟ್ಟಳು ಚಂದ್ರಕ್ಕ" ಅಂದ. "ಕಾಫಿಪುಡಿ ಉಂಟಾ?"

ಕೊಟ್ಟೆ. ಡಬ್ಬಿಯನ್ನೇ ಕೊಟ್ಟೆ.

ಅವನ ಹಿಂದೆಯೇ ಹೋಗಿ ನೋಡಿದೆ. ಅಕ್ಕು ಗೋಡೆಗೆ ಒರಗಿ ಕೂತಿದ್ದಳು, ಹಣೆಯ ಮೇಲಿಂದ ಕಿವಿಯವರೆಗೆ ತಲೆ ಬಿರಿದಿತ್ತು, ಬಲಗೈ ಇರಬಾರದ ಕಡೆಗೆ ತಿರುಗಿತ್ತು. ಬೀಟ್‌ರೂಟ್ ನೀರಲ್ಲ, ದಪ್ಪ, ಕಪ್ಪು ಕೆಂಪು, ಬಿಸಿ. ಅವನು ಹಿಡಿ ಹಿಡಿ ಪುಡಿ ತುಂಬಿದ. "ಬೇಡ, ಪುಡಿ ಬೇಡ" ಅಂತ ಅವಳು ಸಣ್ಣಗೆ ಹೇಳ್ತಿದ್ದಳು. ಪುಡಿ ಎಲ್ಲ ತೊಯ್ದು ಜಾರಿ ಬಂತು, ರಕ್ತ ನಿಲ್ಲಲಿಲ್ಲ. ಗಲ್ಲಿಯ ಕ್ಲಿನಿಕ್ ತೆಗೆಯುವುದು ಐದಕ್ಕೆ. ರಾಯರು ಮೆಟ್ಟಿಲು ಹತ್ತಿ ಬಂದು ನೋಡಿ, ಬಿಳಿಚಿಕೊಂಡು, "ದೊಡ್ಡ ಆಸ್ಪತ್ರೆಗೇ ಕರ್ಕೊಂಡು ಹೋಗಿ" ಅಂದರು. ಆಟೋ ಹತ್ತುವಾಗ ನನ್ನ ಕಿವಿಯ ಹತ್ತಿರ, "ಮೆಟ್ಟಿಲಲ್ಲಿ ಜಾರಿದ್ದು. ನೆನಪಿರ್ಲಿ ಚಂದ್ರಮತಿ" ಅಂದರು.

ಆಟೋದಲ್ಲಿ ಅವಳ ತಲೆ ನನ್ನ ತೊಡೆ ಮೇಲೆ. ಆಟೋ ಸಿಗ್ನಲ್ ಸಿಗ್ನಲಿಗೂ ನಿಲ್ತಿತ್ತು. ತಿರುಮಲ ಡ್ರೈವರನ ಪಕ್ಕ ಕೂತು, "ವೇಗಮಾ ಪೋಪ್ಪಾ, ಎನ್ ಪೊಂಡಾಟ್ಟಿ" ಅಂತ, ನನ್ನ ಹೆಂಡ್ತಿ ಅಂತ, ಅಳ್ತಿದ್ದ. ನಿಜವಾಗಿ ಅಳ್ತಿದ್ದ.

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಕನ್ನಡಕದ ಹುಡುಗ, ಗಡ್ಡ ಬಿಟ್ಟಿದ್ದ, ನಿದ್ದೆ ಕೆಟ್ಟ ಕಣ್ಣು. ಗಾಯ ನೋಡಿದವನೇ ಸಿಟ್ಟಾದ. ಯಾವ ಮುಟ್ಟಾಳ ಇದಕ್ಕೆ ಕಾಫಿಪುಡಿ ತುಂಬಿದ್ದು ಅಂತ ತಮಿಳಿನಲ್ಲಿ ಬೈದು, ನೀರು ಬಿಟ್ಟು ತೊಳೆದ. ತೊಳೆಯುವಾಗ ಅಕ್ಕು ಹಲ್ಲು ಕಚ್ಚಿದ್ದಳು, ಕಣ್ಣು ಮಾತ್ರ ಅವನ ಮುಖದ ಮೇಲಿತ್ತು. ಅವನು ದೊಡ್ಡ ರಿಜಿಸ್ಟರ್ ಬಿಚ್ಚಿ, ಹೇಗಾಯ್ತು ಅಂತ ಕೇಳಿದ. ಅವಳನ್ನಲ್ಲ, ಗಾಳಿಯನ್ನು ಕೇಳಿದ ಹಾಗೆ.

"ಪಡಿಯಿಲ ವಿಳುಂದುಟ್ಟಾ ಸಾರ್" ಅಂದ ತಿರುಮಲ. ಮೆಟ್ಟಿಲಲ್ಲಿ ಬಿದ್ದಳು.

ಡಾಕ್ಟರು ನನ್ನ ಕಡೆ ನೋಡಿದ. ನನ್ನ ಈ ಬಾಯಿ "ಆಮಾ ಡಾಕ್ಟರ್" ಅಂದಿತು. ಹೌದು ಅಂತ.

ಅವನು ಬರೆದ. ರಿಜಿಸ್ಟರ್ ಮುಚ್ಚಿ ದಾರ ಸೂಜಿಗೆ ಕೈ ಹಾಕಿದ. ಅಕ್ಕು ಇನ್ನೂ ಅವನನ್ನೇ ನೋಡ್ತಿದ್ದಳು. ಮೂರು ವರ್ಷ ಕಾದವಳು, ಇನ್ನೊಂದು ಕ್ಷಣ ಕಾದಳು. ಅವನು ಸೂಜಿ ಎತ್ತಿದ. ಕೇಳ್ಲಿಲ್ಲ.

"ಡಾಕ್ಟರ್" ಅಂದಳು ಅಕ್ಕು, ಸ್ಪಷ್ಟ ತಮಿಳಿನಲ್ಲಿ. "ಮೊದಲು ನೀವು ಇವರನ್ನು ಹೊರಗೆ ಕಳಿಸ್ಬೇಕು. ಪರದೆ ಹಾಕ್ಬೇಕು. ಆಮೇಲೆ ನನ್ನನ್ನು ಕೇಳ್ಬೇಕು."

ಡಾಕ್ಟರನ ಕೈ ಅಲ್ಲೇ ನಿಂತಿತು. "ಏನು ಕೇಳ್ಬೇಕಮ್ಮ?" ಅಂದ, ಪಾಪ.

"ಯಾರು ಹೊಡೆದದ್ದು ಅಂತ."

ತಿರುಮಲನ ಅಳು ನಿಂತೇಹೋಯ್ತು. ನಗುನಗುತ್ತ ಮುಂದೆ ಬಂದ, "ತಲೆಗೆ ಏಟು ಬಿದ್ದಿದೆ ಸಾರ್, ಏನೇನೋ ಮಾತಾಡ್ತಾಳೆ" ಅನ್ನುತ್ತ ಅವಳ ಮುರಿದ ಕೈಯನ್ನೇ ಹಿಡಿದು ತಿರುಚಿದ. ಅವಳ ಕಿರುಚಾಟಕ್ಕೆ ಇಡೀ ವಾರ್ಡು ಎದ್ದು ಕೂತಿತು. ನನ್ನ ಕೈಗೆ ಏನು ಸಿಕ್ಕಿತೋ ನನಗೆ ಗೊತ್ತಿಲ್ಲ, ಸ್ಟೀಲಿನ ಟ್ರೇ ಅಂತ ಆಮೇಲೆ ನರ್ಸಮ್ಮ ಹೇಳಿದರು. ಅವನ ಬಾಯಿ ಮೇಲೆ ಹೊಡೆದೆ. ಕತ್ತರಿ, ಹತ್ತಿ ಎಲ್ಲ ಹಾರಿ ನೆಲಕ್ಕೆ ಬಿದ್ದವು. ಮತ್ತೆ ಹೊಡೆದೆ. ಅವನ ತುಟಿ ಹರಿಯಿತು, ಹಲ್ಲಿಗೆ ತಾಗಿದ್ದು ನನ್ನ ಅಂಗೈಗೆ ಗೊತ್ತಾಯ್ತು, ಸುಳ್ಳು ಯಾಕೆ ಹೇಳ್ಲಿ, ಹಿತವಾಯ್ತು. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಇಬ್ಬರು ಆಯಾಗಳು ನನ್ನನ್ನೂ, ವಾಚ್‌ಮ್ಯಾನ್ ಅವನನ್ನೂ ಹಿಡಿದುಕೊಂಡರು.

ಅವನನ್ನು ಹೊರಗೆ ನೂಕಿದ ಮೇಲೆ ಆ ಹುಡುಗ ಡಾಕ್ಟರು ತಾನೇ ಪರದೆ ಎಳೆದ. ಕುರ್ಚಿ ಇರ್ಲಿಲ್ಲ, ಮಂಚದ ಹತ್ತಿರ ಮೊಣಕಾಲೂರಿ ಕೂತ. ಕೇಳಿದ. ಅಕ್ಕು ಹೇಳಿದಳು. ಅಳದೆ, ಇಸವಿ ತಿಂಗಳ ಸಮೇತ, ಬೆರಳು, ಮುಂಗೈ, ಹಲ್ಲು, ಎರಡು ಪಕ್ಕೆಲುಬು, ಮೂರು ತಿಂಗಳಿಗೆ ಇಳಿದುಹೋದ ಬಸಿರು. ಪಕ್ಕೆಲುಬು ನನಗೂ ಗೊತ್ತಿರ್ಲಿಲ್ಲ. ಬಸಿರು ಗೊತ್ತಿರ್ಲಿಲ್ಲ. ಗೋಡೆಗೂ ಎಲ್ಲ ಕೇಳ್ತಿರ್ಲಿಲ್ಲ ಅಂತಾಯ್ತು. ಡಾಕ್ಟರು ಮೊದಲು ಬರೆದದ್ದನ್ನು ಹೊಡೆದುಹಾಕಿ, ಸಹಿ ಮಾಡಿ, ಹೊಸದಾಗಿ ಎರಡು ಪುಟ ಬರೆದ.

ಆಸ್ಪತ್ರೆಯ ಪೋಲೀಸಿನವರು ಒಬ್ಬರು ಬಂದರು, ದಪ್ಪ ಮೀಸೆಯ ವಯಸ್ಸಾದ ಮನುಷ್ಯ. ಹೇಳಿಕೆ ಬರೆದುಕೊಳ್ಳುತ್ತ ಅಕ್ಕುವನ್ನು ಕೇಳಿದರು, ಅಕ್ಕಪಕ್ಕದಲ್ಲಿ ಯಾರಿಗಾದರೂ ಇದು ಗೊತ್ತಿತ್ತಾ, ಸಾಕ್ಷಿ ಹೇಳುವವರು ಯಾರಾದರೂ ಇದ್ದಾರಾ?

ಹೊಲಿಗೆ ಹಾಕಿದ ತಲೆಯನ್ನು ಅಕ್ಕು ನಿಧಾನಕ್ಕೆ ನನ್ನ ಕಡೆ ತಿರುಗಿಸಿದಳು. ಕೋಣೆ ಹೋದೀತು, ನಮ್ಮವರ ಕೆಲಸ ಹೋದೀತು, ಎಲ್ಲ ಅವಳಿಗೆ ಗೊತ್ತಿತ್ತು. "ಇಲ್ಲ ಸಾರ್" ಅಂದಳು. "ಯಾರಿಗೂ ಗೊತ್ತಿಲ್ಲ. ಇವರಿಗೂ ಗೊತ್ತಿಲ್ಲ."

ಅವಳು ಅವನಿಗೋಸ್ಕರ ಮೂರು ವರ್ಷ ಸುಳ್ಳು ಹೇಳಿದ್ದಳು. ಈಗ ನನಗೋಸ್ಕರ ಹೇಳಿದಳು. ನನ್ನನ್ನೂ ಅವನ ಸಾಲಿಗೇ ಸೇರಿಸಿದ ಹಾಗಾಯ್ತು, ಅವಳಿಗೆ ಆ ಉದ್ದೇಶ ಇರ್ಲಿಲ್ಲ, ಆದರೂ ಆಯ್ತು. ಆ ಟ್ರೇಯಲ್ಲಿ ಯಾರಾದರೂ ನನ್ನ ಬಾಯಿಗೆ ಹೊಡೆದಿದ್ದರೆ ವಾಸಿ ಇತ್ತು.

"ಗೊತ್ತಿತ್ತು ಸಾರ್" ಅಂದೆ. "ಬರ್ಕೊಳ್ಳಿ. ಚಂದ್ರಮತಿ, ಸದಾನಂದರ ಹೆಂಡತಿ. ಪಕ್ಕದ ಕೋಣೆ. ಒಂದೇ ಇಟ್ಟಿಗೆಯ ಗೋಡೆ. ಮೂರು ವರ್ಷದಿಂದ ಗೊತ್ತಿತ್ತು."

ಅಕ್ಕು ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಲಿಕ್ಕೆ ನೋಡಿದಳು, ನೋವಿಗೆ ಆಗ್ಲಿಲ್ಲ. ಪೋಲೀಸಿನವರು ಹೆಸರು ಬರೆದರು, ವಿಳಾಸ ಬರೆದರು, ಆಮೇಲೆ ಪೆನ್ನು ನಿಲ್ಲಿಸಿ, ಬೈಯುವ ಹಾಗಲ್ಲ, ಬರೆಯಲಿಕ್ಕೆ ಬೇಕಲ್ಲ ಅನ್ನುವ ಹಾಗೆ ನನ್ನನ್ನು ಕೇಳಿದರು.

"ಮೂರು ವರ್ಷ ಏನಮ್ಮ ಮಾಡ್ತಿದ್ದೆ?"

"ಸೀರಿಯಲ್ ನೋಡ್ತಿದ್ದೆ" ಅಂದೆ.

ಅವರು ಅದನ್ನೂ ಬರೆದುಕೊಂಡರು.